‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ತರ್ಕಕ್ಕೆ ನಿಲುಕದ ತಮಾಷೆಯ ದೃಶ್ಯಗಳು ಯಾವುವು?

1964ರ ಈ ಬಾಂಡ್ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಕಣ್ಣು ಹೋಗುವುದು ಕಾರು ಜಜ್ಜುವ ದೃಶ್ಯಕ್ಕೆ.

ಖಳನಾಯಕ ಗೋಲ್ಡ್‌ಫಿಂಗರ್‌ನ ದರೋಡೆಯ ಯೋಜನೆಗೆ ಸೇರಲು ಒಪ್ಪದ ಸೋಲೊ ಎಂಬ ಗ್ಯಾಂಗ್‌ಸ್ಟರ್ ತನ್ನ ಪಾಲಿನ ಹತ್ತು ಲಕ್ಷ ಡಾಲರ್ ಮೌಲ್ಯದ ಚಿನ್ನದೊಂದಿಗೆ ಕಾರು ಹತ್ತುತ್ತಾನೆ. ಆಗ ಚಿನ್ನದ ಅಧಿಕೃತ ಬೆಲೆ ಔನ್ಸ್‌ಗೆ (ಸುಮಾರು 31 ಗ್ರಾಂ) 35 ಡಾಲರ್. ಅಂದರೆ ಸುಮಾರು 890 ಕಿಲೋ! ಆತ ದಾರಿಯಲ್ಲೇ ಹೆಣವಾಗುತ್ತಾನೆ. ಕಾರು, ಹೆಣ, ಚಿನ್ನ ಎಲ್ಲವೂ ಯಂತ್ರದಲ್ಲಿ ಮುದ್ದೆಯಾಗುತ್ತವೆ. ಆ ಮುದ್ದೆ ಒಂದು ಪುಟ್ಟ ಪಿಕಪ್ ವಾಹನದ ಬೆನ್ನೇರುತ್ತದೆ. ಪಾಪ, ವಾಹನ ಮಾತ್ರ ಹತ್ತಿಯ ಮೂಟೆ ಹೊತ್ತಂತೆ ನಿರಾಳವಾಗಿ ಹೊರಡುತ್ತದೆ. ಅಷ್ಟಕ್ಕೂ ಚಿನ್ನವನ್ನು ಮೊದಲೇ ಇಳಿಸಿಕೊಳ್ಳಬಾರದಿತ್ತೇ? ಈಗ ಅದನ್ನು ಲೋಹದ ಮುದ್ದೆಯಿಂದ ಬೇರ್ಪಡಿಸುವ ಕೆಲಸ ಬೇರೆ!

ಉಳಿದ ಗ್ಯಾಂಗ್‌ಸ್ಟರ್‌ಗಳ ಕಥೆಯೂ ಇದೇ. ತಿರುಗುವ ಮೇಜು, ಅಮೆರಿಕ ಸರ್ಕಾರದ ಚಿನ್ನದ ಭಂಡಾರವಿರುವ ಫೋರ್ಟ್ ನಾಕ್ಸ್‌ನ ಭಾರಿ ಮಾದರಿ ಎಲ್ಲವನ್ನೂ ತೋರಿಸಿ ಖಳನಾಯಕ ಯೋಜನೆಯನ್ನು ವಿವರಿಸುತ್ತಾನೆ, ಮರುಕ್ಷಣವೇ ಅವರನ್ನೆಲ್ಲ ವಿಷಾನಿಲದಿಂದ ಕೊಲ್ಲುತ್ತಾನೆ. ಕೇಳಿಸಿಕೊಂಡವರು ನಾವು, ಪ್ರೇಕ್ಷಕರು ಮಾತ್ರ. ಜೊತೆಗೆ, ನೆಲದಡಿ ಅವಿತು ಕುಳಿತಿದ್ದ ಬಾಂಡ್.

ಚಿತ್ರದಲ್ಲಿ ಒಬ್ಬ ಯುವತಿ ಸಾಯುವಂತೆ, ಮೈಗೆ ಚಿನ್ನದ ಬಣ್ಣ ಬಳಿದರೆ ಚರ್ಮ ಉಸಿರುಗಟ್ಟಿ ಸಾವು ಬರುತ್ತದೆ ಎಂಬುದು ಶುದ್ಧ ಕಟ್ಟುಕಥೆ. ನಾವು ಉಸಿರಾಡುವುದು ಶ್ವಾಸಕೋಶದಿಂದ.

ಕೊನೆಯಲ್ಲಿ, ಫೋರ್ಟ್ ನಾಕ್ಸ್‌ನೊಳಗೆ ಇಟ್ಟ ಬಾಂಬ್‌ನ ಗಡಿಯಾರ ಸರಿಯಾಗಿ ಬಾಂಡ್‌ನ ಸಂಕೇತ ಸಂಖ್ಯೆ 007ಕ್ಕೆ ನಿಲ್ಲುತ್ತದೆ. ಆದರೆ ಬಾಂಡ್ ಹೇಳುವುದು ‘ಇನ್ನು ಮೂರೇ ಟಿಕ್’ ಎಂದು. ಮೊದಲು 003 ಇದ್ದ ಗಡಿಯಾರದ ಅಂಕಿ ಆಮೇಲೆ ಬದಲಾಯಿತು, ಸಂಭಾಷಣೆ ಬದಲಾಗಲಿಲ್ಲ!