ಬೂಟಿನೊಳಗಿನ ನೋಟು, ಗಿರವಿ ಬಿದ್ದ ಟ್ರೋಫಿ

ಸಣ್ಣ ಊರುಗಳ ಹವ್ಯಾಸಿ ಫುಟ್‌ಬಾಲ್ ಕ್ಲಬ್‌ಗಳ ಚರಿತ್ರೆ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಬಹುಪಾಲು ಪ್ರಶ್ನೆಗಳು ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರ್ಹಮ್ ಕಲ್ಲಿದ್ದಲು ಸೀಮೆಯ ಕ್ಲಬ್‌ಗಳ ಬಗ್ಗೆ ಇವೆ. ಕೊನೆಯ ಎರಡು ಮಾತ್ರ ನಮ್ಮ ಊರುಗಳವು.

ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಯಾವುದೋ ಸಣ್ಣ ಊರಿನ ಕ್ಲಬ್ ತನ್ನ ಆಟಗಾರರನ್ನು ಕೊಟ್ಟಿತ್ತೆಂದು ಕೇಳಿದ್ದೇನೆ. ಇದು ನಿಜವೇ?
(ಶಿವಮೊಗ್ಗದಿಂದ)

ನಿಜ. ಆ ಕ್ಲಬ್ ಡರ್ಹಮ್ ಸೀಮೆಯ ಸಣ್ಣ ಊರು ಬಿಷಪ್ ಆಕ್ಲೆಂಡ್‌ನದು, ಹೆಸರೂ ಊರಿನದೇ. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ನಡೆದ ವಿಮಾನ ದುರಂತದಲ್ಲಿ 23 ಮಂದಿ ತೀರಿಕೊಂಡರು. ಅವರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು. ಉಳಿದವರಲ್ಲೂ ಹಲವರು ಆಸ್ಪತ್ರೆಯಲ್ಲಿದ್ದರು. ಮೀಸಲು ತಂಡದ ಹುಡುಗರನ್ನು ಮೊದಲ ತಂಡಕ್ಕೆ ಎಳೆದುಕೊಂಡಾಗ ಮೀಸಲು ತಂಡವೇ ಖಾಲಿಯಾಯಿತು. ಆ ಜಾಗ ತುಂಬಲು ಬಿಷಪ್ ಆಕ್ಲೆಂಡ್‌ನಿಂದ ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ ಹೋದರು. ಯುನೈಟೆಡ್ ಮೊದಲ ತಂಡವನ್ನು ಇವರು ಮೂವರೇ ಉಳಿಸಿದರು ಎಂಬಂತೆ ಕೆಲವು ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಅವರನ್ನು ಕರೆದದ್ದು ಮೀಸಲು ತಂಡಕ್ಕೆ.

ಹಾರ್ಡಿಸ್ಟಿಗೆ ಆಗ 37 ವರ್ಷ, ಆಟ ಬಿಟ್ಟಾಗಿತ್ತು. ಆದರೂ ಅವರನ್ನೇ ಏಕೆ ಕರೆದರು ಎಂಬುದಕ್ಕೆ ಹತ್ತು ವರ್ಷ ಹಿಂದಿನ ನಂಟು ಕಾರಣ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಹವ್ಯಾಸಿ ತಂಡವನ್ನು ನಡೆಸಿದವರು ಯುನೈಟೆಡ್‌ನ ಮ್ಯಾನೇಜರ್ ಮ್ಯಾಟ್ ಬಸ್ಬಿ, ಆ ತಂಡದಲ್ಲಿ ಹಾರ್ಡಿಸ್ಟಿ ಇದ್ದರು. ಭಾರತ ಬಹುತೇಕ ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 1–2ರಿಂದ ಸೋತದ್ದೂ ಅದೇ ಕೂಟದಲ್ಲಿ. ನಮ್ಮ ಆ ಒಂದು ಗೋಲು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್ ಅವರದು.

ಮೂವರಲ್ಲಿ ಬ್ರಾಡ್ಲಿ ಮಾತ್ರ ಯುನೈಟೆಡ್‌ನಲ್ಲೇ ಉಳಿದು ಮೊದಲ ತಂಡಕ್ಕೆ ಏರಿದರು. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1959ರಲ್ಲಿ ಇಂಗ್ಲೆಂಡ್ ಪರ ಮೂರು ಪಂದ್ಯ ಆಡಿದರು. 1996ರಲ್ಲಿ ಬಿಷಪ್ ಆಕ್ಲೆಂಡ್ ಹಣದ ಇಕ್ಕಟ್ಟಿಗೆ ಸಿಕ್ಕಾಗ ಯುನೈಟೆಡ್ ತಂಡ ಅಲ್ಲಿಗೆ ಹೋಗಿ ಸಹಾಯಾರ್ಥ ಪಂದ್ಯ ಆಡಿ ಋಣ ತೀರಿಸಿತು.

ಬಿಷಪ್ ಆಕ್ಲೆಂಡ್ ಕ್ಲಬ್ ಕಟ್ಟಿದವರು ಗಣಿ ಕಾರ್ಮಿಕರೇ?
(ಕೋಲಾರದಿಂದ)

ಅಲ್ಲ. ಶುರು ಮಾಡಿದವರು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದಿ, ಡರ್ಹಮ್ ಬಿಷಪ್ಪರ ನಿವಾಸವಾದ ಆಕ್ಲೆಂಡ್ ಕ್ಯಾಸಲ್‌ನಲ್ಲಿ ಧರ್ಮಶಾಸ್ತ್ರ ಕಲಿಯಲು ಬಂದಿದ್ದ ತರುಣರು. ಕ್ಲಬ್ಬಿನ ತಿಳಿನೀಲಿ, ಕಡುನೀಲಿ ಬಣ್ಣಗಳು ಆ ಎರಡು ವಿಶ್ವವಿದ್ಯಾಲಯಗಳಿಂದ ಬಂದವು. 1880ರ ದಶಕದಲ್ಲಿ ಚರ್ಚಿನ ಸಂಸ್ಥೆಯ ತಂಡವಾಗಿದ್ದುದು 1886ರ ಹೊತ್ತಿಗೆ ಒಡೆದು ಊರಿನ ಕ್ಲಬ್ ಆಯಿತು. ಅಂಗಿಯ ಬಣ್ಣ ಪಾದ್ರಿಗಳದ್ದು, ತೊಟ್ಟವರು ಬರಬರುತ್ತಾ ಕೂಲಿಕಾರರು, ಗುಮಾಸ್ತರು, ಮೇಷ್ಟ್ರುಗಳು.

ಹವ್ಯಾಸಿ ಎಂದರೆ ಒಂದು ಕಾಸೂ ಪಡೆಯದವರು ಎಂದರ್ಥವೇ? ಹಾಗಾದರೆ ಇಂಥ ಕ್ಲಬ್ ನೂರು ವರ್ಷ ಹೇಗೆ ನಡೆಯಿತು?
(ಹುಬ್ಬಳ್ಳಿಯಿಂದ)

ಹವ್ಯಾಸಿ ಕ್ಲಬ್ಬಿನ ಚರಿತ್ರೆಯ ಬೇರು ಇರುವುದೇ ಈ ಪ್ರಶ್ನೆಯಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌.ಎ.) 1885ರಲ್ಲಿ ಸಂಬಳದ ಆಟಕ್ಕೆ ಒಪ್ಪಿಗೆ ಕೊಟ್ಟಿತು. ದೊಡ್ಡ ಊರುಗಳ ಸಂಬಳದ ತಂಡಗಳ ಮುಂದೆ ಸಣ್ಣ ಊರಿನವರು ನಿಲ್ಲಲಾರರು ಎಂದಾದ ಮೇಲೆ, 1893–94ರಿಂದ ಅವರಿಗಾಗಿಯೇ ಎಫ್‌.ಎ. ಅಮೆಚೂರ್ ಕಪ್ ಶುರುವಾಯಿತು. ಬಿಷಪ್ ಆಕ್ಲೆಂಡ್ ಅದರಲ್ಲಿ 18 ಸಲ ಫೈನಲ್ ತಲುಪಿ 10 ಸಲ ಗೆದ್ದಿತು. 1955, 1956, 1957ರಲ್ಲಿ ಸಾಲಾಗಿ ಮೂರು ಸಲ. ಬೇರೆ ಯಾವ ಕ್ಲಬ್ಬೂ ಈ ಲೆಕ್ಕದ ಹತ್ತಿರ ಬರಲಿಲ್ಲ.

ನಿಯಮ ಹೀಗಿತ್ತು: ಆಟಗಾರನಿಗೆ ಪ್ರಯಾಣದ ಖರ್ಚು, ಊಟ, ವಸತಿಯ ಖರ್ಚು ಕೊಡಬಹುದು, ಆಟಕ್ಕೆ ಕೂಲಿ ಕೊಡುವಂತಿಲ್ಲ. ಎಡವಟ್ಟಾದದ್ದು ಇಲ್ಲೇ. ಗೇಟಿನಲ್ಲಿ ಸಾವಿರಾರು ಜನರ ಟಿಕೆಟ್ ಹಣ ಬೀಳುತ್ತದೆ, ಮೈದಾನದಲ್ಲಿ ಬೆವರು ಹರಿಸುವವನಿಗೆ ಏನೂ ಇಲ್ಲ. ಪಂದ್ಯಕ್ಕೆಂದು ಶನಿವಾರ ಪಾಳಿ ತಪ್ಪಿಸಿಕೊಂಡ ಗಣಿ ಕಾರ್ಮಿಕನಿಗೆ ಅರ್ಧ ದಿನದ ಕೂಲಿಯೂ ಖೋತಾ. ಪಕ್ಕದ ಊರಿನ ಕ್ಲಬ್ ಗುಟ್ಟಾಗಿ ಸ್ವಲ್ಪ ಕೊಟ್ಟರೆ ಒಳ್ಳೆಯ ಆಟಗಾರ ಅಲ್ಲಿಗೆ ಹೋಗುತ್ತಾನೆ. ಹೀಗಾಗಿ ಖರ್ಚಿನ ಚೀಟಿ ಉಬ್ಬಿಸುವುದು, ಪಂದ್ಯ ಮುಗಿದ ಮೇಲೆ ಕಳಚಿಟ್ಟ ಬೂಟಿನೊಳಗೆ ನೋಟು ತುರುಕುವುದು ರೂಢಿಯಾಯಿತು. ಅದಕ್ಕೆ ಬೂಟ್ ಮನಿ ಎಂಬ ಹೆಸರೇ ಬಿತ್ತು. 1928ರಲ್ಲಿ ಪಕ್ಕದ ಕ್ರೂಕ್ ಟೌನ್ ಕ್ಲಬ್ಬಿನ ಲೆಕ್ಕ ಕೆದಕಿದಾಗ ಎಳೆ ಎಲ್ಲೆಲ್ಲಿಗೋ ಹೋಗಿ, ಡರ್ಹಮ್ ಕೌಂಟಿ ಸಂಸ್ಥೆ 341 ಆಟಗಾರರನ್ನು ಅಮಾನತು ಮಾಡಬೇಕಾಯಿತು. ಒಂದು ಸೀಮೆಯ ಇಷ್ಟು ಮಂದಿ ಒಟ್ಟಿಗೇ ತಪ್ಪಿತಸ್ಥರಾದರೆ ತಪ್ಪು ನಿಯಮದಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅದನ್ನು ಒಪ್ಪಲು 1974ರವರೆಗೆ ಕಾಲ ತೆಗೆದುಕೊಂಡಿತು. ಆ ವರ್ಷ ಹವ್ಯಾಸಿ, ವೃತ್ತಿಪರ ಎಂಬ ಭೇದ ಅಳಿಸಿ ಎಲ್ಲರನ್ನೂ ಬರೀ ಆಟಗಾರರೆಂದು ಕರೆದರು. ಅಮೆಚೂರ್ ಕಪ್ ಕೂಡ ಅಲ್ಲಿಗೆ ಮುಗಿಯಿತು.

ಹವ್ಯಾಸಿ ಪಂದ್ಯಕ್ಕೆ ಒಂದು ಲಕ್ಷ ಜನ ಸೇರಿದ್ದರು ಎನ್ನುವುದು ಉತ್ಪ್ರೇಕ್ಷೆಯಲ್ಲವೇ?
(ಮಂಗಳೂರಿನಿಂದ)

ಅಲ್ಲ. 1954ರ ಅಮೆಚೂರ್ ಕಪ್ ಫೈನಲ್ ಬಿಷಪ್ ಆಕ್ಲೆಂಡ್ ಮತ್ತು ಕ್ರೂಕ್ ಟೌನ್ ನಡುವೆ. ಎರಡೂ ಊರುಗಳ ನಡುವಿನ ದೂರ ಎಂಟು ಕಿಲೋಮೀಟರ್ ಆಸುಪಾಸು, ಪಂದ್ಯ ಮಾತ್ರ ದೂರದ ಲಂಡನ್ನಿನ ವೆಂಬ್ಲಿಯಲ್ಲಿ, 1,00,000 ಜನರ ಎದುರು. ಬಿಷಪ್‌ನ ಜಿಮ್ಮಿ ನಿಮಿನ್ಸ್ ಕಾಲು ಮುರಿದುಕೊಂಡರು. ಆಗ ಬದಲಿ ಆಟಗಾರನನ್ನು ಇಳಿಸುವ ನಿಯಮವಿರಲಿಲ್ಲ, ಹತ್ತೇ ಜನ ಆಡಿ 2–2 ಮಾಡಿಕೊಂಡರು. ನ್ಯೂಕ್ಯಾಸಲ್‌ನಲ್ಲಿ ಮರುಪಂದ್ಯ, 56,008 ಜನ, ಮತ್ತೆ 2–2. ಮೂರನೆಯದು ಮಿಡಲ್ಸ್‌ಬರೋದಲ್ಲಿ, 36,727 ಜನ. ಕ್ರೂಕ್ 1–0ಯಿಂದ ಗೆದ್ದಿತು.

ಗಣಿ ಹಳ್ಳಿಯೊಂದು ಇಟಲಿಯ ಯುವೆಂಟಸ್ ತಂಡವನ್ನು ಸೋಲಿಸಿ ‘ಮೊದಲ ವಿಶ್ವಕಪ್’ ಗೆದ್ದದ್ದು ಹೌದೇ?
(ದಾವಣಗೆರೆಯಿಂದ)

ಅದು ಬಿಷಪ್ ಆಕ್ಲೆಂಡ್‌ನ ಪಕ್ಕದ ವೆಸ್ಟ್ ಆಕ್ಲೆಂಡ್. ಸಿಲೋನ್ ಚಹಾದ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಇಟ್ಟಿದ್ದ ಟ್ರೋಫಿಗಾಗಿ ಇಟಲಿಯ ಟ್ಯೂರಿನ್‌ನಲ್ಲಿ ಟೂರ್ನಿ ನಡೆಯಿತು. 1909ರ ಫೈನಲ್‌ನಲ್ಲಿ ವೆಸ್ಟ್ ಆಕ್ಲೆಂಡ್ ಸ್ವಿಟ್ಜರ್ಲೆಂಡಿನ ವಿಂಟರ್‌ಥರ್ ತಂಡವನ್ನು 2–0ಯಿಂದ, 1911ರಲ್ಲಿ ಯುವೆಂಟಸ್ ಅನ್ನು 6–1ರಿಂದ ಸೋಲಿಸಿತು. ವಿಶ್ವಕಪ್ ಎಂಬುದು ಜನ ಪ್ರೀತಿಯಿಂದ ಕೊಟ್ಟ ಹೆಸರು. ಫಿಫಾ ವಿಶ್ವಕಪ್ ಶುರುವಾದದ್ದು 1930ರಲ್ಲಿ.

ಗೆದ್ದು ಬಂದವರ ಕೈಯಲ್ಲಿ ಟ್ರೋಫಿ ಇತ್ತು, ಪ್ರವಾಸದ ಸಾಲವೂ ಇತ್ತು. ಹೀಗಾಗಿ ಟ್ರೋಫಿಯನ್ನು ಊರಿನ ಹೋಟೆಲ್ ಒಡತಿಯ ಬಳಿ 40 ಪೌಂಡಿಗೆ ಒತ್ತೆ ಇಟ್ಟರು. ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡ್ ಕೊಟ್ಟು. 1994ರಲ್ಲಿ ಅದು ಕಳುವಾಯಿತು, ಈಗಿರುವುದು ಪ್ರತಿಕೃತಿ. ಲಂಡನ್ನಿನ ವೃತ್ತಿಪರ ಕ್ಲಬ್ ವೂಲಿಚ್ ಆರ್ಸೆನಲ್‌ಗೆ ಹೋಗಬೇಕಿದ್ದ ಆಹ್ವಾನ ‘ಡಬ್ಲ್ಯು.ಎ.’ ಎಂಬ ಇನಿಷಿಯಲ್ ನೋಡಿ ತಪ್ಪಾಗಿ ಇಲ್ಲಿಗೆ ಬಂತು ಎಂಬ ಕಥೆ ಬಹಳ ಓಡುತ್ತದೆ. ಅದಕ್ಕೆ ಕಾಗದದ ಆಧಾರವಿಲ್ಲ. ಕ್ಲಬ್ ಚರಿತ್ರೆಯಲ್ಲಿ ಇಂಥ ಕಥೆಗೆ ಜಾಗ ಕೊಡಿ, ಆದರೆ ‘ಊರಿನ ಮಾತು’ ಎಂದು ತಲೆಬರಹ ಹಾಕಿ ಬೇರೆ ಇಡಿ.

ಬಿಷಪ್ ಆಕ್ಲೆಂಡ್ ಈಗಲೂ ಅದೇ ಮೈದಾನದಲ್ಲಿ ಆಡುತ್ತಿದೆಯೇ?
(ಧಾರವಾಡದಿಂದ)

ಇಲ್ಲ. ಹಳೆಯ ಕಿಂಗ್ಸ್‌ವೇ ಮೈದಾನವನ್ನು ಕ್ರಿಕೆಟ್ ಕ್ಲಬ್ಬಿನೊಡನೆ ಹಂಚಿಕೊಂಡಿದ್ದರು. ಕ್ರಿಕೆಟ್ ಅಂಗಣದ ಕಡೆ ಗ್ಯಾಲರಿ ಕಟ್ಟುವಂತಿಲ್ಲ, ಆದ್ದರಿಂದ ಮೂರೇ ಬದಿಯ ಮೈದಾನ. ಲೀಗಿನ ಮೆಟ್ಟಿಲು ಏರಿದಂತೆ ಮೈದಾನದ ನಿಬಂಧನೆಗಳೂ ಏರುತ್ತವೆ, ಒಂದು ಬದಿ ಬಯಲಾಗಿದ್ದರೆ ಅವುಗಳಿಗೆ ಹೊಂದುವುದು ಕಷ್ಟ. 2001ರಲ್ಲಿ ಕಿಂಗ್ಸ್‌ವೇ ಬಿಟ್ಟ ಕ್ಲಬ್ ಸುಮಾರು ಒಂಬತ್ತು ವರ್ಷ ನೆರೆಯವರ ಮೈದಾನಗಳಲ್ಲಿ ಆಡಿ, 2010ರಲ್ಲಿ ಹೆರಿಟೇಜ್ ಪಾರ್ಕ್ ಎಂಬ ಸ್ವಂತ ಮೈದಾನಕ್ಕೆ ಬಂತು. ಹವ್ಯಾಸಿ ಕ್ಲಬ್ಬನ್ನು ಸೋಲು ಮುಗಿಸುವುದಿಲ್ಲ, ಜಾಗ ಕಳೆದುಕೊಳ್ಳುವುದು ಮುಗಿಸಿಬಿಡುತ್ತದೆ. ಇವರು ಪಾರಾದರು.

ನಮ್ಮಲ್ಲೂ ಕಾರ್ಖಾನೆ ತಂಡಗಳಿದ್ದವು. ಅವರು ಹವ್ಯಾಸಿಗಳೋ, ಸಂಬಳದ ಆಟಗಾರರೋ?
(ಭದ್ರಾವತಿಯಿಂದ)

ಕಾಗದದ ಮೇಲೆ ಹವ್ಯಾಸಿಗಳು. ಬೆಂಗಳೂರಿನ ಎಚ್‌ಎಎಲ್, ಟೆಲಿಫೋನ್ ಕಾರ್ಖಾನೆಯಾದ ಐಟಿಐ ತಂಡಗಳ ಆಟಗಾರರು ಕಂಪನಿಯ ನೌಕರರು. ಸಂಬಳ ಬರುತ್ತಿದ್ದದ್ದು ನೌಕರಿಗೆ, ನೌಕರಿ ಸಿಕ್ಕಿದ್ದು ಆಟದಿಂದ. ಬೂಟ್ ಮನಿಯ ಕಳ್ಳಾಟಕ್ಕಿಂತ ಇದು ಎಷ್ಟೋ ನೇರವಾದ ದಾರಿ. ಗಾಯವಾಗಿ ಆಟ ನಿಂತರೂ ಮನೆಯ ಒಲೆ ಉರಿಯುತ್ತಿತ್ತು. ಕಾರ್ಖಾನೆಯ ಬೆಂಬಲವಿಲ್ಲದ ತಂಡಗಳೂ ಬಲವಾಗಿದ್ದವು. ಬೆಂಗಳೂರು ಮುಸ್ಲಿಮ್ಸ್ 1937 ಮತ್ತು 1938ರಲ್ಲಿ ಮುಂಬಯಿಯ ಹೆಸರಾಂತ ಟೂರ್ನಿಯಾದ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಆಟಗಾರರನ್ನು ಕಟ್ಟಿಕೊಂಡೇ.

ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅರುವತ್ತು ವರ್ಷ ದಾಟಿದೆ. ಚರಿತ್ರೆ ಬರೆಯಬೇಕು. ಕೈಯಲ್ಲಿರುವುದು ಗೆದ್ದ ಕೆಲವು ಕಪ್ಪುಗಳು, ಒಂದಷ್ಟು ಫೋಟೋ, ಒಂದು ಹರಿದ ಲೆಕ್ಕದ ಪುಸ್ತಕ. ಎಲ್ಲಿಂದ ಶುರು ಮಾಡೋಣ?
(ಸಾಗರದಿಂದ)

ಲೆಕ್ಕದ ಪುಸ್ತಕದಿಂದ. ಕಪ್ಪುಗಳಿಂದ ಶುರು ಮಾಡಿದವರ ಪುಸ್ತಕ ಗೆಲುವಿನ ಪಟ್ಟಿಯಾಗಿ ನಿಂತುಬಿಡುತ್ತದೆ. ಜಮಾ–ಖರ್ಚು ಓದಿದರೆ ಚಂದಾ ಯಾರು ಕೊಟ್ಟರು, ಚೆಂಡಿನ ಬೆಲೆ ಎಷ್ಟಿತ್ತು, ಯಾವ ಊರಿಗೆ ಲಾರಿಯಲ್ಲಿ ಹೋದಿರಿ, ಯಾವ ವರ್ಷ ಹಣವಿಲ್ಲದೆ ಆಟವೇ ನಿಂತಿತು ಎಂಬುದೆಲ್ಲ ಸಿಗುತ್ತದೆ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷಗಳಲ್ಲಿ ಗೋಂದು ಹಳದಿಗಟ್ಟಿ ಶಾಯಿಯನ್ನು ತಿನ್ನುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಬಿಡಿಸಲಾಗದು. ಕಿಟಕಿಯ ಪಕ್ಕದ ಬೆಳಕಲ್ಲಿ, ಫ್ಲ್ಯಾಷ್ ಹಾಕದೆ, ಪ್ರತಿ ಪುಟದ ಫೋಟೋ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲವಾದರೆ ಮುಂದೆ ಪುಟ ಕಳೆದಿದೆಯೋ ಬಿಟ್ಟುಹೋಗಿದೆಯೋ ತಿಳಿಯದು.

ಎರಡನೆಯದು ನೋಂದಣಿ. ಕ್ಲಬ್ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಕನಿಷ್ಠ ಏಳು ಸ್ಥಾಪಕ ಸದಸ್ಯರ ಹೆಸರು, ವಿಳಾಸ, ಉದ್ಯೋಗ ಜ್ಞಾಪನಾ ಪತ್ರದಲ್ಲಿ ಇರುತ್ತವೆ. ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಸಂಖ್ಯೆ ಕೊಟ್ಟು, ಶುಲ್ಕ ಕಟ್ಟಿ ದೃಢೀಕೃತ ನಕಲು ಕೇಳಿ. ಉದ್ಯೋಗದ ಕಾಲಂ ಬಿಡದೆ ಬರೆದುಕೊಳ್ಳಿ. ಕ್ಲಬ್ ಯಾರದಾಗಿತ್ತು ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ಆದರೆ ನೋಂದಣಿಯ ದಿನವನ್ನೇ ಕ್ಲಬ್ಬಿನ ಹುಟ್ಟುಹಬ್ಬ ಎಂದುಕೊಳ್ಳಬೇಡಿ. ಹುಡುಗರು ಆಡತೊಡಗಿ ಎಷ್ಟೋ ವರ್ಷಗಳಾದ ಮೇಲೆ, ಅನುದಾನ ಬೇಕೆನಿಸಿದಾಗ ನೋಂದಾಯಿಸಿದ ಕ್ಲಬ್‌ಗಳೇ ಹೆಚ್ಚು.

ಕಪ್ಪಿನ ಮೇಲಿನ ಸವೆದ ಅಕ್ಷರ ಓದಲು ಪಾಲಿಶ್ ಹಚ್ಚಿ ತಿಕ್ಕಬೇಡಿ. ಬೆಳ್ಳಿ ಲೇಪನದೊಡನೆ ಅಕ್ಷರವೂ ಹೋಗುತ್ತದೆ. ತೆಳುವಾದ ಕಾಗದ ಹೊದಿಸಿ, ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿದರೆ ಅಕ್ಷರ ಮೂಡುತ್ತದೆ. ಇಸವಿಯಲ್ಲೂ ಎಚ್ಚರ ಬೇಕು. ಋತು 1962ರಲ್ಲಿ ಶುರುವಾಗಿ 1963ರಲ್ಲಿ ಮುಗಿದಿದ್ದರೆ ಕೆತ್ತಿದವರು ಎರಡರಲ್ಲಿ ಯಾವುದನ್ನೂ ಹಾಕಿರಬಹುದು. ದಿನಪತ್ರಿಕೆಯಲ್ಲಿ ಹುಡುಕುವಾಗ ಎರಡೂ ವರ್ಷ ನೋಡಿ. ಭಾನುವಾರದ ಫೈನಲ್‌ನ ಸುದ್ದಿ ಸಣ್ಣ ಊರಿನಿಂದ ಹೋಗಿ ಅಚ್ಚಾಗಲು ಮಂಗಳವಾರ, ಬುಧವಾರವೂ ಆಗಿರಬಹುದು.

ಫೋಟೋದ ಕಾಲ ಹೇಳಲು ಕೆಲವು ಗುರುತುಗಳಿವೆ. ಪೆನಾಲ್ಟಿ ಅಂಗಳದ ಹೊರಗೆ ಅರ್ಧಚಂದ್ರದ ಗೆರೆ ಕಂಡರೆ ಅದು 1937ಕ್ಕಿಂತ ಹಳೆಯದಲ್ಲ, ಏಕೆಂದರೆ ಆ ಗೆರೆ ಬಂದದ್ದೇ ಆಗ. ಕಪ್ಪು–ಬಿಳುಪು ತುಂಡುಗಳ ಚೆಂಡು ಮನೆಮಾತಾದದ್ದು 1970ರ ವಿಶ್ವಕಪ್‌ನಿಂದ, ನಮ್ಮ ಊರುಗಳಿಗೆ ಇನ್ನೂ ತಡವಾಗಿ ಬಂತು. ಬರಿಗಾಲಿನ ಗುರುತು ಮಾತ್ರ ಮೋಸ ಮಾಡುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಕ್ಕೆ 1–10ರಿಂದ ಸೋತ ಮೇಲೆ ಭಾರತದ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಆದರೆ ಊರಿನ ಪಂದ್ಯಗಳಿಗೆ ಆ ಕಟ್ಟು ತಟ್ಟಲಿಲ್ಲ, ಬೂಟು ಕೊಳ್ಳುವ ಶಕ್ತಿಯೂ ಇರಲಿಲ್ಲ. ಬರಿಗಾಲು ಕಂಡಾಕ್ಷಣ 1952ಕ್ಕೆ ಮುಂಚಿನದೆಂದು ಬರೆಯಬೇಡಿ.

ಹಿರಿಯ ಆಟಗಾರರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಫೋಟೋದ ದೊಡ್ಡ ಪ್ರತಿ ಒಯ್ದು, ನಿಂತವರನ್ನು ಎಡದಿಂದ ಬಲಕ್ಕೆ, ಆಮೇಲೆ ಕುಳಿತವರನ್ನು ಹೆಸರಿಸಲು ಹೇಳಿ. ಮುಕ್ಕಾಲು ಗಂಟೆ ಸಾಕು, ದಣಿದ ಮೇಲೆ ಹೆಸರುಗಳು ಅದಲುಬದಲಾಗುತ್ತವೆ. ಒಂದೇ ಫೋಟೋವನ್ನು ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ, ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ಮಾತೇ ನಿಲ್ಲುತ್ತದೆ. ಗೋಲಿನ ಲೆಕ್ಕದಲ್ಲಿ ನೆನಪನ್ನು ನಂಬಬೇಡಿ. ಯಾರು ಯಾವ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಪಂದ್ಯದ ದಿನ ಯಜಮಾನ ರಜೆ ಕೊಟ್ಟನೋ ಇಲ್ಲವೋ, ಬೂಟಿನ ಹಣ ಯಾರು ಹಾಕಿದರು, ಈ ವಿಷಯಗಳಲ್ಲಿ ಮಾತ್ರ ಅವರ ನೆನಪು ಗಟ್ಟಿ. ಅದನ್ನು ಲೆಕ್ಕದ ಪುಸ್ತಕದ ಆ ವರ್ಷದ ಪುಟದ ಪಕ್ಕದಲ್ಲಿಟ್ಟು ಓದಿ. ಎರಡೂ ಕೂಡಿ ಬಂದ ಕಡೆಯಿಂದ ಮೊದಲ ಅಧ್ಯಾಯ ಬರೆಯಿರಿ.