ಮೇಷ್ಟ್ರೇ, ಫೈನಲ್ ಎಲ್ಲಿ ಆಡಿಸೋಣ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫುಟ್‌ಬಾಲ್ ಮೈದಾನದ ಬಗ್ಗೆ ಇವೆ. ಫೈನಲ್ ಯಾವ ಊರಿಗೆ ಕೊಡಬೇಕು, ಯಾವ ಮೈದಾನದಲ್ಲಿ ಆಡಿಸಬೇಕು ಎಂದು ಕೇಳಿದ್ದೀರಿ. ನನಗೆ ತುಂಬಾ ಖುಷಿಯಾಯಿತು. ಮೂವತ್ತೊಂದು ವರ್ಷ ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಬೆಳಗಿನ ಮಂಜಿನಲ್ಲಿ ಹಗ್ಗ ಕಟ್ಟಿ, ಸುಣ್ಣದ ಪುಡಿ ಸುರಿದು ಗೆರೆ ಎಳೆದವನು. ಹಾಗಾಗಿ ಈ ಸಲದ ಪುಟ ಪೂರ್ತಿ ಮೈದಾನಕ್ಕೇ ಇರಲಿ.

● 2026ರ ವಿಶ್ವಕಪ್ ಫೈನಲ್‌ಗೆ ನ್ಯೂಜೆರ್ಸಿಯ ಮೈದಾನ ಆರಿಸಿದರಲ್ಲ, ಅಮೆರಿಕದಲ್ಲಿ ಅದಕ್ಕಿಂತ ದೊಡ್ಡದು ಇಲ್ವಾ? ಯಾವ ಲೆಕ್ಕದಲ್ಲಿ ಆರಿಸುತ್ತಾರೆ?
– ಕಾಲೇಜು ವಿದ್ಯಾರ್ಥಿನಿ, ಬೇಲೂರು

ಇದೆಯಮ್ಮ, ಬೇಕಾದಷ್ಟಿವೆ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. 1994ರ ಫೈನಲ್ ನಡೆದ ಪಸಡೇನಾದ ರೋಸ್ ಬೌಲ್‌ನಲ್ಲಿ ಅವತ್ತು 94,194 ಜನ ಇದ್ದರು. ಆದರೆ ಸೀಟಿನ ಲೆಕ್ಕ ಬರೀ ಮೊದಲನೇ ಮೆಟ್ಟಿಲು. ವಿಶ್ವಕಪ್ಪಿಗೆ ಫೀಫಾ, ಅಂದರೆ ಜಗತ್ತಿನ ಫುಟ್‌ಬಾಲ್ ಸಂಸ್ಥೆ, ಕೇಳುವುದು ಸಾಮಾನ್ಯ ಪಂದ್ಯಕ್ಕೆ 40 ಸಾವಿರ, ಸೆಮಿಫೈನಲ್‌ಗೆ 60 ಸಾವಿರ, ಮೊದಲ ಪಂದ್ಯಕ್ಕೂ ಫೈನಲ್‌ಗೂ 80 ಸಾವಿರ ಸೀಟು. ಅಷ್ಟು ಇದ್ದರೆ ಸಾಲಿನಲ್ಲಿ ನಿಲ್ಲಬಹುದು. ಆಮೇಲೆ ಹೋಟೆಲ್, ವಿಮಾನ ನಿಲ್ದಾಣ, ತಂಡಗಳ ಅಭ್ಯಾಸಕ್ಕೆ ಬೇರೆ ಮೈದಾನ, ಪೊಲೀಸ್, ರೈಲು, ಹೀಗೆ ಒಂದೊಂದಾಗಿ ನೋಡುತ್ತಾರೆ.

2026ಕ್ಕೆ ಅಮೆರಿಕದ 11, ಮೆಕ್ಸಿಕೋದ 3, ಕೆನಡಾದ 2, ಒಟ್ಟು 16 ಊರುಗಳ ಪಟ್ಟಿ ಹೊರಬಿದ್ದದ್ದು 2022ರ ಜೂನ್‌ನಲ್ಲಿ. ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ಸೇರಿ ಕೇಳಿಕೊಂಡರೂ ಸಿಗಲಿಲ್ಲ. ದೇಶದ ರಾಜಧಾನಿಗೇ ಇಲ್ಲ ನೋಡು. ಫೈನಲ್ ಎಲ್ಲಿ ಅಂತ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಈಸ್ಟ್ ರುದರ್‌ಫೋರ್ಡ್ ಎಂಬ ಊರಿನ ಮೆಟ್‌ಲೈಫ್ ಸ್ಟೇಡಿಯಂ ಅದು, ನ್ಯೂಯಾರ್ಕ್ ನಗರದ ಮಗ್ಗುಲಲ್ಲೇ ಇದೆ. ಹೊತ್ತಿನ ಲೆಕ್ಕವೂ ಇದರಲ್ಲಿ ಸೇರಿದೆ ಅಂತ ನನಗನ್ನಿಸುತ್ತದೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ಪ್ಯಾರಿಸ್, ಮ್ಯಾಡ್ರಿಡ್‌ನಲ್ಲಿ ರಾತ್ರಿ ಒಂಬತ್ತು. ಮನೆಮಂದಿಯೆಲ್ಲ ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತು. ನಮಗೆ ಮಾತ್ರ ನಡುರಾತ್ರಿ ಹನ್ನೆರಡೂವರೆ!

ಇನ್ನೊಂದು ವಿಷಯ ನಿನಗೆ ಇಷ್ಟವಾಗಬಹುದು. ಆ ಮೈದಾನ ಕಟ್ಟಿದ್ದು ಅಮೆರಿಕನ್ ಫುಟ್‌ಬಾಲ್‌ಗೆ. ಅವರ ಅಂಕಣದ ಅಗಲ ಸುಮಾರು 49 ಮೀಟರ್. ನಮ್ಮ ಫುಟ್‌ಬಾಲ್‌ಗೆ 68 ಮೀಟರ್ ಬೇಕು. ಹಾಗಾಗಿ ಮೂಲೆಗಳಲ್ಲಿ ಸೀಟು ಕಿತ್ತು ಜಾಗ ಮಾಡಬೇಕಾಯಿತು. ಮೇಲಾಗಿ ಅಲ್ಲಿದ್ದದ್ದು ಪ್ಲಾಸ್ಟಿಕ್ ಹುಲ್ಲು. ಫೀಫಾ ಜೀವಂತ ಹುಲ್ಲೇ ಬೇಕು ಅಂತ ಹಟ ಹಿಡಿಯಿತು. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್‌ನಲ್ಲಂತೂ ತಲೆ ಮೇಲೆ ಚಾವಣಿ. ಅಂಥ ಕಡೆ ಹುಲ್ಲನ್ನು ಬೇರೆಲ್ಲೋ ಬೆಳೆಸಿ, ಚಾಪೆಯ ಹಾಗೆ ಸುತ್ತಿ ತಂದು ಹಾಸಬೇಕು. ದೀಪದ ಬೆಳಕಲ್ಲಿ ಸಾಕಬೇಕು. ಇದಕ್ಕಾಗಿ ಟೆನೆಸೀ ಮತ್ತು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಗಳ ಹುಲ್ಲಿನ ತಜ್ಞರು ವರ್ಷಗಟ್ಟಲೆ ಕೆಲಸ ಮಾಡಿದರು. ಹುಲ್ಲಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದನ್ನು ಓದಿ ನನಗೆ ನಿಜಕ್ಕೂ ಮನಸ್ಸು ತುಂಬಿತು.

● ನಮ್ಮ ಕಡೆ ಮೂರು ದಿನ ಮಳೆ ಹಿಡಿದರೆ ಶಾಲೆ ಮೈದಾನ ಗದ್ದೆ ಆಗುತ್ತದೆ. ದೊಡ್ಡ ಸ್ಟೇಡಿಯಂಗಳಲ್ಲಿ ನೀರು ಯಾಕೆ ನಿಲ್ಲುವುದಿಲ್ಲ?
– ಎಸ್ಟೇಟ್ ರೈಟರ್, ಮೂಡಿಗೆರೆ

ಉತ್ತರ ನಿಮ್ಮ ತೋಟದಲ್ಲೇ ಇದೆ. ಕಾಫಿ ಗಿಡದ ಬೇರಿನಲ್ಲಿ ನೀರು ನಿಂತರೆ ಗಿಡ ಹೋಯಿತು ಅಂತ ಬಸಿಗಾಲುವೆ ತೆಗೆಸುತ್ತೀರಲ್ಲ, ಅದನ್ನೇ ಅಲ್ಲಿ ನೆಲದೊಳಗೆ ಮಾಡುತ್ತಾರೆ. ಹುಲ್ಲಿನ ಕೆಳಗೆ ಸುಮಾರು ಒಂದಡಿ ಮರಳೇ ಹೆಚ್ಚಿರುವ ಮಣ್ಣು. ಅದರಡಿ ನಾಲ್ಕಿಂಚು ಜಲ್ಲಿ. ಜಲ್ಲಿಯೊಳಗೆ ತೂತಿನ ಪೈಪುಗಳು. ಬಿದ್ದ ನೀರು ನೆಟ್ಟಗೆ ಇಳಿದು ಪೈಪು ಸೇರಿ ಆಚೆ ಹೋಗುತ್ತದೆ. ಸಾಮಾನ್ಯ ಮೈದಾನದಲ್ಲಿ ಇಷ್ಟು ಮಾಡಲಾಗದಿದ್ದರೆ ನಡುವಿನ ಭಾಗವನ್ನು ಸ್ವಲ್ಪ ಎತ್ತರಿಸಿ ನಾಲ್ಕೂ ಕಡೆ ಇಳಿಜಾರು ಕೊಡುತ್ತಾರೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತೊಂಬತ್ತರ ದಶಕದಲ್ಲಿ ಒಂದು ಅಂತರಶಾಲಾ ಟೂರ್ನಿ. ಆಗಸ್ಟ್ ತಿಂಗಳು. ಫೈನಲ್ ಎಲ್ಲಿ ಅಂತ ತೀರ್ಮಾನಿಸುವ ಸಮಿತಿಯಲ್ಲಿ ನಾನೂ ಇದ್ದೆ. ಎರಡು ಮೈದಾನ ಇದ್ದವು. ಒಂದು ಚಿಕ್ಕದು, ಗುಡ್ಡದ ಓರೆಯಲ್ಲಿ, ನೆಲ ಜಲ್ಲಿಮಿಶ್ರಿತ. ಇನ್ನೊಂದು ದೊಡ್ಡದು, ಪಕ್ಕದಲ್ಲೇ ರಸ್ತೆ, ಅತಿಥಿಗಳಿಗೆ ಸಿಮೆಂಟ್ ವೇದಿಕೆ. ವೇದಿಕೆ ಇದೆಯಲ್ಲ ಅಂತ ಎಲ್ಲರೂ ದೊಡ್ಡದಕ್ಕೆ ಕೈ ಎತ್ತಿದರು. ನಾನೂ ಎತ್ತಿದೆ. ಅದು ಹಳೇ ತಗ್ಗಿಗೆ ಕೆಂಪು ಜೇಡಿಮಣ್ಣು ತುಂಬಿಸಿ ಮಾಡಿದ ಮೈದಾನ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಅವತ್ತು ಬೆಳಗ್ಗೆಯಿಂದ ಮಳೆ. ನಾನು ಎಳೆದ ಗೆರೆ ಹಾಲಿನ ಹಾಗೆ ಹರಿದುಹೋಯಿತು. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಬಂತು. ಕೊನೇ ಕಿಕ್. ಹುಡುಗ ಚೆನ್ನಾಗಿಯೇ ಹೊಡೆದ. ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ನೆಲ ಹಿಡಿದು ಬಲಕ್ಕೆ ಹೋಯಿತು. ಗೋಲಿನ ಗೆರೆಗೆ ಇನ್ನೊಂದು ಮೊಳ ಇದೆ ಅನ್ನುವಾಗ ನೀರಲ್ಲಿ ನಿಂತುಬಿಟ್ಟಿತು. ಸುತ್ತ ಒಂದೆರಡು ಗುಳ್ಳೆ ಎದ್ದವು, ಅಷ್ಟೇ. ಆ ಹುಡುಗ ಚೆಂಡನ್ನೇ ನೋಡುತ್ತಾ ನಿಂತಿದ್ದ. ಅವನ ತಂಡ ಸೋತಿತು. ಬಹುಮಾನ ಕೊಟ್ಟು ಮುಗಿಯುವಷ್ಟರಲ್ಲಿ ಅವನ ಊರಿನ ಕಡೇ ಬಸ್ಸೂ ಹೋಗಿತ್ತು. ಹನ್ನೊಂದು ಮಕ್ಕಳು ಒದ್ದೆ ಬಟ್ಟೆಯಲ್ಲಿ ಶಾಲೆ ಕೊಠಡಿಯ ಬೆಂಚಿನ ಮೇಲೆ ರಾತ್ರಿ ಕಳೆದರು. ಆಗ ಮನೆ ಮನೆಗೆ ಫೋನ್ ಎಲ್ಲಿತ್ತು? ಅವರ ತಂದೆತಾಯಿಗಳಿಗೆ ಸುದ್ದಿ ಮುಟ್ಟಿದ್ದು ಮರುದಿನ ಬೆಳಗ್ಗೆ. ಅದಾದ ಮೇಲೆ ಮೈದಾನ ಆರಿಸುವಾಗ ನಾನು ಮೊದಲು ನೋಡುವುದು ಎರಡೇ: ನೆಲದಡಿ ಏನಿದೆ, ಆಟ ಮುಗಿದ ಮೇಲೆ ಜನ ಮನೆಗೆ ಹೇಗೆ ಹೋಗುತ್ತಾರೆ.

● ಮೆಕ್ಸಿಕೋದ ಅಜ್ಟೆಕಾ ಮೈದಾನದಲ್ಲಿ ಆಟಗಾರರಿಗೆ ಉಸಿರು ಕಟ್ಟುತ್ತದಂತೆ, ನಿಜವೇ?
– ಓದುಗರು, ಕಡೂರು

ಅಭ್ಯಾಸ ಇಲ್ಲದವರಿಗೆ ಬೇಗ ಸುಸ್ತಾಗುತ್ತದೆ, ನಿಜ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಜ್ಟೆಕಾ ಮೈದಾನ ಅದಕ್ಕಿಂತಲೂ ಮೇಲೆ, ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಗಿರಿಯ ನೆತ್ತಿಯಲ್ಲಿ ತೊಂಬತ್ತು ನಿಮಿಷ ಓಡಿದ ಹಾಗೆ ಅಂದುಕೊಳ್ಳಿ. ಗಾಳಿ ತೆಳುವಾದ್ದರಿಂದ ಚೆಂಡೂ ಜೋರಾಗಿ ಹೋಗುತ್ತದೆ. ಆದರೂ 1970 ಮತ್ತು 1986, ಎರಡೂ ವಿಶ್ವಕಪ್ ಫೈನಲ್ ಅಲ್ಲೇ ನಡೆದವು. 1986ರದ್ದು ಮೊದಲು ಕೊಲಂಬಿಯಾಗೆ ಸಿಕ್ಕಿತ್ತು. ನಮ್ಮ ಕೈಲಾಗದು ಅಂತ ಅವರು 1982ರಲ್ಲಿ ಬಿಟ್ಟುಕೊಟ್ಟ ಮೇಲೆ ಮೆಕ್ಸಿಕೋಗೆ ಬಂತು.

● ಫೈನಲನ್ನು ಒಂದು ತಂಡದ ಸ್ವಂತ ಮೈದಾನದಲ್ಲಿ ಆಡಿಸುವುದು ನ್ಯಾಯವೇ? ನನ್ನ ಮಗ ಅದು ಮೋಸ ಅಂತ ದಿನವಿಡೀ ವಾದ ಮಾಡುತ್ತಾನೆ.
– ಗೃಹಿಣಿ, ಹಾಸನ

ನಿಮ್ಮ ಮಗ ಬೆಂಗಳೂರು ಎಫ್‌ಸಿ ಅಭಿಮಾನಿ ಇರಬೇಕು ತಾಯಿ. 2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ನಮ್ಮವರು ಕೋಲ್ಕತ್ತದ ಸಾಲ್ಟ್ ಲೇಕ್‌ಗೆ ಹೋಗಿ, ಮೋಹನ್ ಬಗಾನ್ ಮನೆಯಂಗಳದಲ್ಲಿ 2–1ರಿಂದ ಸೋತರು. ಆಗಿನ ನಿಯಮದಂತೆ, ಲೀಗ್ ಪಟ್ಟಿಯಲ್ಲಿ ಮೇಲಿರುವ ತಂಡದ ಊರಲ್ಲೇ ಫೈನಲ್. ವರ್ಷವಿಡೀ ಚೆನ್ನಾಗಿ ಆಡಿದ್ದಕ್ಕೆ ಸಿಗುವ ಪಾಲು ಅದು. ನನಗೆ ಅದರಲ್ಲಿ ಮೋಸ ಕಾಣುವುದಿಲ್ಲ.

ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಬೇರೆ ಪದ್ಧತಿ. ಯಾರು ಗೆದ್ದು ಬರುತ್ತಾರೆ ಅಂತ ತಿಳಿಯುವ ಮೊದಲೇ ಊರು ಗೊತ್ತು ಮಾಡಿರುತ್ತಾರೆ. ಕೆಲವೊಮ್ಮೆ ಆ ಊರಿನ ತಂಡವೇ ಫೈನಲ್‌ಗೆ ಬಂದುಬಿಡುತ್ತದೆ. 2012ರಲ್ಲಿ ಮ್ಯೂನಿಕ್‌ನಲ್ಲಿ ಹಾಗಾಯಿತು. ಬಯರ್ನ್ ತಂಡ ತನ್ನ ಜನರ ಮುಂದೆಯೇ ಪೆನಾಲ್ಟಿಯಲ್ಲಿ ಚೆಲ್ಸಿಗೆ ಸೋತಿತು. ಅದಕ್ಕೂ ಮೊದಲು 1984ರಲ್ಲಿ, ಯುರೋಪಿಯನ್ ಕಪ್ ಎಂಬ ಹೆಸರಿದ್ದ ಕಾಲದಲ್ಲಿ, ರೋಮಾ ತಂಡ ರೋಮ್‌ನಲ್ಲೇ ಲಿವರ್‌ಪೂಲ್‌ಗೆ ಸೋತಿತ್ತು. ನಮ್ಮ ಬೆಂಗಳೂರೂ 2018ರ ಐಎಸ್‌ಎಲ್ ಫೈನಲನ್ನು ಕಂಠೀರವದಲ್ಲೇ ಚೆನ್ನೈಯಿನ್‌ಗೆ 3–2ರಿಂದ ಕಳೆದುಕೊಂಡಿದೆ. ಮನೆ ಅಂಗಳದಲ್ಲಿ ಬಲ ಜಾಸ್ತಿ, ಭಾರವೂ ಜಾಸ್ತಿ. ಮಗನಿಗೆ ಇದನ್ನು ಓದಿ ಹೇಳಿ.

● ನಮ್ಮ ಕಂಠೀರವದಲ್ಲಿ ದೊಡ್ಡ ಫೈನಲ್ ಆಗಬಹುದಾ ಸಾರ್?
– ಆಟೊ ಚಾಲಕ, ಚಿಕ್ಕಮಗಳೂರು

ಆಗಿದೆಯಲ್ಲಪ್ಪ! 2023ರ ಜುಲೈ 4ರಂದು ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಅಲ್ಲೇ. ನಾನು ಮೊಮ್ಮಗನ ಜೊತೆ ಹೋಗಿದ್ದೆ. ಗುರ್‌ಪ್ರೀತ್ ಸಿಂಗ್ ಸಂಧು ಕೊನೇ ಕಿಕ್ ತಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದವರು ನನ್ನನ್ನು ತಬ್ಬಿಕೊಂಡರು. ಅಂಕಣದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಕಾಣುತ್ತದೆ. ಸೀಟು ಸುಮಾರು 25 ಸಾವಿರ, ಹಾಗಾಗಿ ವಿಶ್ವಕಪ್ ಮಟ್ಟಕ್ಕೆ ಸಾಲದು. ಆದರೆ ಊರ ನಡುವೆ ಇದೆ ನೋಡಿ, ಅದು ದೊಡ್ಡ ಗುಣ. ಆಟ ಮುಗಿಸಿ ಮೆಜೆಸ್ಟಿಕ್‌ಗೆ ಹೋಗಿ, ಇಡ್ಲಿ ತಿಂದು, ರಾತ್ರಿ ಬಸ್ಸಿಗೆ ಕೂತು ಬೆಳಕು ಹರಿಯುವಷ್ಟರಲ್ಲಿ ಊರಲ್ಲಿದ್ದೆವು.

● ಇಂಥ ಪಂದ್ಯ ಬಂದರೆ ಊರಿಗೆ ವ್ಯಾಪಾರ ಕುದುರುತ್ತದೆ ಅಂತಾರೆ. ನಿಜವಾಗಿ ಲಾಭ ಇದೆಯಾ?
– ಕೊಬ್ಬರಿ ವ್ಯಾಪಾರಿ, ಅರಸೀಕೆರೆ

ಹೋಟೆಲ್‌ನವರಿಗೆ, ಟ್ಯಾಕ್ಸಿಯವರಿಗೆ ಕೆಲವು ದಿನ ಚೆನ್ನಾಗಿರುತ್ತದೆ. ಊರಿನ ಬೊಕ್ಕಸದ ಮಾತು ಬೇರೆ. 2026ರ ವಿಶ್ವಕಪ್ಪಿನ ಮಾತುಕತೆ ನಡೆಯುವಾಗ ಷಿಕಾಗೊ ನಗರ 2018ರಲ್ಲೇ ಹಿಂದೆ ಸರಿಯಿತು. ಫೀಫಾದ ಷರತ್ತುಗಳಲ್ಲಿ ತೆರಿಗೆ ಕಟ್ಟುವವರ ಮೇಲೆ ಎಷ್ಟು ಹೊರೆ ಬೀಳುತ್ತದೆ ಅನ್ನುವುದೇ ಖಚಿತವಿಲ್ಲ ಅನ್ನುವುದು ಅವರ ತಕರಾರು. ಕೆನಡಾದ ವ್ಯಾಂಕೂವರ್ ಕೂಡ ಆಗ ಒಲ್ಲೆ ಎಂದಿತ್ತು, ಆಮೇಲೆ ಮಾಂಟ್ರಿಯಲ್ ಬಿಟ್ಟ ಜಾಗಕ್ಕೆ ಬಂತು. ಬ್ರೆಜಿಲ್ಲಿನ ಮನೌಸ್‌ನಲ್ಲಿ 2014ಕ್ಕೆಂದು ಅಮೆಜಾನ್ ಕಾಡಿನ ನಡುವೆ 40 ಸಾವಿರಕ್ಕೂ ಹೆಚ್ಚು ಸೀಟಿನ ಸ್ಟೇಡಿಯಂ ಕಟ್ಟಿದರು. ಅಲ್ಲಿ ವಿಶ್ವಕಪ್ಪಿನ ನಾಲ್ಕೇ ಪಂದ್ಯ ನಡೆದವು. ಆ ಊರಿಗೆ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ತಂಡವೇ ಇರಲಿಲ್ಲ. ನಾಲ್ಕು ದಿನದ ಮದುವೆಗೆ ಕಲ್ಯಾಣ ಮಂಟಪವನ್ನೇ ಕಟ್ಟಿಸುವವರಿದ್ದಾರಾ? ಇದ್ದ ಮೈದಾನವನ್ನು ರಿಪೇರಿ ಮಾಡಿ ಆಡಿಸುವ ಊರೇ ಜಾಣ ಊರು ಅನ್ನುವವನು ನಾನು.

● ನಮ್ಮ ಯುವಕ ಸಂಘದಿಂದ ಎಂಟು ಹಳ್ಳಿಗಳ ಫುಟ್‌ಬಾಲ್ ಟೂರ್ನಿ ಇಟ್ಟುಕೊಂಡಿದ್ದೇವೆ. ಫೈನಲ್ ಪೇಟೆಯ ಮೈದಾನದಲ್ಲಿ ಬೇಕು ಅಂತ ಕೆಲವರು, ಹಳ್ಳಿ ಶಾಲೆಯ ಮೈದಾನವೇ ಸಾಕು ಅಂತ ಕೆಲವರು. ಜಗಳ ಆಗುತ್ತಿದೆ. ಏನು ಮಾಡೋಣ?
– ಯುವಕ, ಸಕಲೇಶಪುರ ತಾಲ್ಲೂಕು

ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ. ಮೊದಲು ಒಂದು ನೆನಪು ಹೇಳುತ್ತೇನೆ. 2023ರ ಮಾರ್ಚ್ 4. ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯದ ಎದುರು 3–2ರಿಂದ. ಅದರ ಹಿಂದಿನ ಸಲ ಗೆದ್ದದ್ದು 1968–69ರಲ್ಲಿ, ಮೈಸೂರು ಅನ್ನುವ ಹೆಸರಲ್ಲಿ. 2023ರ ಆ ಫೈನಲ್ ನಡೆದದ್ದು ಎಲ್ಲಿ ಗೊತ್ತಾ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಮೈದಾನ ಭರ್ಜರಿಯಾಗಿತ್ತು, ಹುಲ್ಲು ರೇಷ್ಮೆಯ ಹಾಗಿತ್ತು. ಆದರೆ ನಮ್ಮ ಹುಡುಗರ ಅಪ್ಪ ಅಮ್ಮ, ಅವರಿಗೆ ಆಟ ಕಲಿಸಿದ ಮೇಷ್ಟ್ರುಗಳು, ಎಷ್ಟು ಜನ ಅಲ್ಲಿಗೆ ಹೋಗುವುದಕ್ಕಾಗುತ್ತಿತ್ತು? ನಾನು ಮೊಬೈಲಿನಲ್ಲಿ ನೋಡಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಅದಕ್ಕೆ ಹಿಂದಿನ ವರ್ಷ ಅದೇ ಫೈನಲ್ ಕೇರಳದ ಮಂಜೇರಿಯಲ್ಲಿ ನಡೆದಿತ್ತು. ಮಂಜೇರಿ ದೊಡ್ಡ ನಗರವೇನಲ್ಲ. ಆದರೂ ಮೈದಾನ ತುಂಬಿ ತುಳುಕುತ್ತಿತ್ತು, ಮಲಪ್ಪುರಂ ಜನರಿಗೆ ಫುಟ್‌ಬಾಲ್ ಅಂದರೆ ಅಷ್ಟು ಪ್ರಾಣ. ನನ್ನ ಓಟು ಮಂಜೇರಿಯಂಥ ಊರಿಗೆ.

ಈಗ ನಿಮ್ಮ ವಿಷಯ. ಎರಡೂ ಮೈದಾನಕ್ಕೆ ಸಂಘದವರೆಲ್ಲ ಒಟ್ಟಿಗೆ ಹೋಗಿ. ಗೋಲಿನ ಮುಂದೆ, ನಡುವೆ, ಮೂಲೆಯಲ್ಲಿ ಗೆರೆಯಿಂದಾಚೆ ಒಂದೊಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಒಮ್ಮೆ ಇಂಗಲಿ, ಮತ್ತೆ ತುಂಬಿಸಿ. ಎರಡನೇ ಸಲ ಗಂಟೆಯೊಳಗೆ ಇಳಿದರೆ ನೆಲ ಒಳ್ಳೆಯದು. ಸಂಜೆಯಾದರೂ ನಿಂತೇ ಇದ್ದರೆ ಆ ಮೈದಾನ ಬೇಡವೇ ಬೇಡ. ಗುಂಡಿಗಳನ್ನು ಗಟ್ಟಿಯಾಗಿ ಮುಚ್ಚಿ ಬನ್ನಿ, ಯಾರದಾದರೂ ಕಾಲು ಹೊರಳೀತು. ಗೋಲಿನ ಹಿಂದೆ ಬೇಲಿಯ ಮುಳ್ಳುತಂತಿ ಎಷ್ಟು ದೂರ ಇದೆ ಅಂತ ಹೆಜ್ಜೆ ಹಾಕಿ ಅಳೆಯಿರಿ. ಓಡಿ ಬಂದ ಹುಡುಗ ನಿಲ್ಲುವುದಕ್ಕೆ ಜಾಗ ಬೇಕಲ್ವಾ?

ಆಮೇಲೆ ಎಂಟು ಹಳ್ಳಿಗಳ ಕಡೇ ಬಸ್ಸು ಎಷ್ಟು ಹೊತ್ತಿಗೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಎಲ್ಲಕ್ಕಿಂತ ಮೊದಲು ಹೊರಡುವುದು ಯಾವುದೋ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಆಟಕ್ಕೆ ಎರಡು ಗಂಟೆ, ಹೆಚ್ಚುವರಿ ಸಮಯ ಮತ್ತು ಪೆನಾಲ್ಟಿಗೆ ಇನ್ನೊಂದು ಗಂಟೆ, ಬಹುಮಾನಕ್ಕೆ ಅರ್ಧ ಗಂಟೆ. ಶುರು ಮಾಡುವ ಹೊತ್ತು ತಾನಾಗೇ ಸಿಗುತ್ತದೆ. ಜನ ಬರುವ ಹೋಗುವ ದಾರಿಯನ್ನು ಹಗುರವಾಗಿ ತಗೋಬೇಡಿ. 2022ರ ಚಾಂಪಿಯನ್ಸ್ ಲೀಗ್ ಫೈನಲನ್ನು ರಷ್ಯಾದಿಂದ ಪ್ಯಾರಿಸ್‌ಗೆ ತಂದಾಗ ತಯಾರಿಗೆ ಇದ್ದದ್ದು ಮೂರು ತಿಂಗಳು. ಅಷ್ಟು ದೊಡ್ಡ ಸ್ಟೇಡಿಯಂ, ಆದರೂ ಗೇಟಿನ ಹೊರಗೆ ನೂಕುನುಗ್ಗಲಾಗಿ ಆಟ 36 ನಿಮಿಷ ತಡವಾಯಿತು. ಮಕ್ಕಳು ಮುದುಕರೆಲ್ಲ ಅಲ್ಲಿ ಸಿಕ್ಕಿಕೊಂಡು ಒದ್ದಾಡಿದರು.

ಹೆಂಗಸರಿಗೆ ಶೌಚಾಲಯ ಯಾವ ಮೈದಾನದಲ್ಲಿದೆ ಅಂತಲೂ ನೋಡಿ. ಅದಿಲ್ಲದಿದ್ದರೆ ಅಮ್ಮಂದಿರು, ಅಕ್ಕತಂಗಿಯರು ಅರ್ಧ ಆಟಕ್ಕೇ ಎದ್ದು ಹೋಗುತ್ತಾರೆ.

ನೀನು ಬರೆದದ್ದು ನೋಡಿದರೆ ಹಳ್ಳಿ ಶಾಲೆಯ ಮೈದಾನವೇ ಸರಿ ಅಂತ ಕಾಣುತ್ತದೆ. ಆದರೂ ಗುಂಡಿ ತೆಗೆದು ನೋಡಿಯೇ ತೀರ್ಮಾನ ಮಾಡಿ. ಗೆರೆ ಎಳೆಯುವ ದಿನ ಯಾವತ್ತು ಅಂತ ಒಂದು ವಾರ ಮುಂಚೆ ತಿಳಿಸು. ನಾನು ಬೆಳಗ್ಗೆ ಬೇಲೂರು ಮೇಲೆ ಬಸ್ಸಿಗೆ ಬರುತ್ತೇನೆ. ಮೀಟರ್ ಮೀಟರಿಗೆ ಗಂಟು ಹಾಕಿದ ನನ್ನ ಹಳೇ ಹಗ್ಗ ಇನ್ನೂ ಇದೆ, ಅದನ್ನೂ ತರುತ್ತೇನೆ. ಸುಣ್ಣದ ಪುಡಿ ಎರಡು ಮೂಟೆ ತರಿಸಿಟ್ಟಿರಿ.