‘ಎಷ್ಟು ಕೊಡ್ತೀಯ?’ ಅಂತ ಕೇಳುವ ಮಗನೂ ‘ಆಮೇಲೆ ಮಾಡ್ತೀನಿ’ ಅನ್ನುವ ಅಣ್ಣನೂ

ಮಕ್ಕಳಿಗೆ ಮನೆಕೆಲಸ ರೂಢಿಸುವುದರ ಬಗ್ಗೆ ಓದುಗರು ಕಳಿಸಿದ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಮನೆಕೆಲಸ ಅಭ್ಯಾಸವಾಗಲಿ ಅಂತ ಒಂದೊಂದು ಕೆಲಸಕ್ಕೆ ಐದು ರೂಪಾಯಿ ಕೊಡುತ್ತೇನೆ ಅಂದಿದ್ದೆ. ಮೊದಮೊದಲು ಓಡಿ ಬಂದು ಮಾಡಿದ. ಈಗ ಒಂದು ಲೋಟ ನೀರು ತಂದುಕೊಡು ಅಂದರೂ ‘ಎಷ್ಟು ಕೊಡ್ತೀಯ?’ ಅಂತಾನೆ. ದುಡ್ಡು ನಿಲ್ಲಿಸಿದರೆ ಕೆಲಸವೂ ನಿಲ್ಲುತ್ತದೆ. ಇದನ್ನು ಬಿಡಿಸುವುದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಹುಡುಗನಿಗೆ ದುರಾಸೆ ಹುಟ್ಟಿತು ಅಂತ ಗಾಬರಿಯಾಗಬೇಡಿ. ಕೆಲಸಕ್ಕೆ ಕೂಲಿ ಉಂಟು ಅಂತ ಮನೆಯಲ್ಲೇ ಕಲಿತ, ಅದನ್ನೇ ಎಲ್ಲ ಕಡೆ ಅನ್ವಯಿಸುತ್ತಿದ್ದಾನೆ. ಇದು ಮನಃಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಪ್ರಶಸ್ತಿಪತ್ರದ ಆಸೆ ತೋರಿಸಿ ಬರೆಸಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಆಸೆ ತೋರಿಸದೆ ಬಿಟ್ಟಿದ್ದ ಮಕ್ಕಳಿಗಿಂತ ಈ ಮಕ್ಕಳು ಚಿತ್ರ ಬರೆಯಲು ಕೂತಿದ್ದು ಸುಮಾರು ಅರ್ಧ ಹೊತ್ತು ಮಾತ್ರ. 2008ರಲ್ಲಿ ವಾರ್ನೆಕೆನ್ ಮತ್ತು ತೊಮಾಸೆಲ್ಲೊ ಎಂಬ ಸಂಶೋಧಕರು ಇಪ್ಪತ್ತು ತಿಂಗಳ ಕೂಸುಗಳಲ್ಲೇ ಇಂಥದ್ದನ್ನು ಕಂಡರು. ಬಿದ್ದ ವಸ್ತು ಎತ್ತಿಕೊಟ್ಟಾಗಲೆಲ್ಲ ಆಟಿಕೆ ಸಿಕ್ಕ ಮಕ್ಕಳು, ಆಟಿಕೆ ನಿಂತ ಮೇಲೆ ಸಹಾಯವನ್ನೂ ಕಡಿಮೆ ಮಾಡಿದವು. ಬರೀ ಹೊಗಳಿಕೆ ಸಿಕ್ಕ ಮಕ್ಕಳೂ ಏನೂ ಸಿಗದ ಮಕ್ಕಳೂ ಸಹಾಯ ಮಾಡುತ್ತಲೇ ಇದ್ದರು.

ದುಡ್ಡನ್ನು ಮುಚ್ಚುಮರೆಯಿಲ್ಲದೆ ನಿಲ್ಲಿಸಿ. ಇಲ್ಲಿವರೆಗಿನ ಬಾಕಿ ಪೂರ್ತಿ ಚುಕ್ತಾ ಮಾಡಿ, ‘ಇನ್ನು ಮೇಲೆ ಕೆಲಸಕ್ಕೆ ದುಡ್ಡಿಲ್ಲ. ಈ ಮನೇಲಿ ಊಟ ಮಾಡೋರೆಲ್ಲ ಈ ಮನೆ ಕೆಲಸ ಮಾಡ್ತೀವಿ’ ಅಂತ ಎಲ್ಲರೂ ಕೂತಿರುವಾಗ ಹೇಳಿ. ದುಡ್ಡಿನ ಲೆಕ್ಕಾಚಾರ ಅವನು ಕಲಿಯಲಿ ಅಂತಿದ್ದರೆ ವಾರಕ್ಕಿಷ್ಟು ಅಂತ ಪಾಕೆಟ್ ಮನಿ ಬೇರೆಯಾಗಿ ಕೊಡಿ. ಕೆಲಸ ಮಾಡಲಿಲ್ಲ ಅಂತ ಅದನ್ನು ಕತ್ತರಿಸಬೇಡಿ. ಕತ್ತರಿಸಿದ ದಿನ ಅದು ಮತ್ತೆ ಕೂಲಿಯೇ ಆಗುತ್ತದೆ.

ಆಮೇಲಿನದು ಮುಖ್ಯ. ‘ಅದು ತಾ, ಇದು ಎತ್ತಿಡು’ ಅನ್ನುವ ಚಿಲ್ಲರೆ ಕೆಲಸಗಳಿಂದ ಯಾವ ಮಗುವಿಗೂ ಹೆಮ್ಮೆ ಬರುವುದಿಲ್ಲ. ಶುರುವಿನಿಂದ ಕೊನೆವರೆಗೆ ಅವನದೇ ಆದ ಒಂದು ಕೆಲಸ ಒಪ್ಪಿಸಿ. ಮೂರು ಕೆಲಸ ಹೇಳಿ, ಒಂದನ್ನು ಅವನೇ ಆರಿಸಿಕೊಳ್ಳಲಿ. ಒಂಬತ್ತು ವರ್ಷದವನಿಗೆ ತನ್ನ ಟಿಫಿನ್ ಡಬ್ಬಿ ಒಳ್ಳೆಯ ಆರಂಭ, ಯಾಕೆಂದರೆ ಕೆಲಸ ಕೆಟ್ಟರೆ ಏನಾಗುತ್ತದೆ ಅಂತ ಅವನ ಮೂಗಿಗೇ ಗೊತ್ತಾಗುತ್ತದೆ.

ಕಲಿಸುವಾಗ ಹೀಗೆ ಮಾಡಿ. ಶಾಲೆಯಿಂದ ಬಂದ ಕೂಡಲೇ, ಬ್ಯಾಗ್ ಇಡುವ ಮೊದಲೇ, ಡಬ್ಬಿ ಸಿಂಕಿಗೆ ಹೋಗಬೇಕು. ಉಳಿದದ್ದನ್ನು ಹಸಿ ಕಸದ ಬುಟ್ಟಿಗೆ ಹಾಕಿ, ಡಬ್ಬಿ ತುಂಬ ನೀರು ಬಿಟ್ಟು ಹತ್ತು ನಿಮಿಷ ನೆನೆಸಲಿ. ಅಷ್ಟರಲ್ಲಿ ಅವನು ಬಟ್ಟೆ ಬದಲಾಯಿಸುತ್ತಾನೆ. ಮುಚ್ಚಳದೊಳಗಿನ ರಬ್ಬರ್ ರಿಂಗನ್ನು ಚಮಚದ ಹಿಡಿಯಿಂದ ಎಬ್ಬಿಸಿ ಬೇರೆಯಾಗಿ ತೊಳೆಯುವುದನ್ನು ಮರೆಯದೆ ತೋರಿಸಿಕೊಡಿ. ವಾಸನೆ ಹುಟ್ಟುವುದೇ ಆ ಸಂದಿಯಲ್ಲಿ ಉಳಿದ ಸಾರು, ಮೊಸರು ಮತ್ತು ತೇವದಿಂದ. ಸೋಪು ನಾಲ್ಕೈದು ಹನಿ ಸಾಕು. ಮಕ್ಕಳು ಧಾರಾಳವಾಗಿ ಸುರಿದು, ನೊರೆ ಹೋಗದೆ ಬೇಜಾರಾಗಿ ಅರ್ಧಕ್ಕೆ ಬಿಡುತ್ತಾರೆ. ತೊಳೆದ ಡಬ್ಬಿಯನ್ನು ಬೋರಲು ಹಾಕಬೇಕು, ಮುಚ್ಚಿಡಬಾರದು. ಎರಡು ದಿನ ನೀವು ಮಾಡುತ್ತ ಅವನು ನೋಡಲಿ, ಮುಂದಿನ ಎರಡು ದಿನ ಇಬ್ಬರೂ ಸೇರಿ ಮಾಡಿ, ಆಮೇಲೆ ಅವನು ಮಾಡುವಾಗ ನೀವು ಪಕ್ಕದಲ್ಲಿರಿ. ‘ಹೋಗಿ ತೊಳಿ’ ಅಂತ ಒಂದೇ ಮಾತಲ್ಲಿ ಹೇಳಿ ಸರಿಯಾಗಲಿಲ್ಲ ಅಂತ ಬೈದರೆ, ತಪ್ಪು ಕಲಿಸಿದವರದು.

ಹೆಚ್ಚಿನ ಮನೆಗಳಲ್ಲಿ ಎಡವುವುದು ಇದರ ನಂತರ. ಮಗು ತೊಳೆದಿಟ್ಟ ಡಬ್ಬಿಯನ್ನು ಅಮ್ಮ ಅದರ ಕಣ್ಣೆದುರೇ ಇನ್ನೊಮ್ಮೆ ತೊಳೆಯುತ್ತಾರೆ. ತನ್ನ ಕೆಲಸ ಲೆಕ್ಕಕ್ಕಿಲ್ಲ ಅಂತ ಮಗುವಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಜಿಡ್ಡು ಉಳಿದಿದ್ದರೆ ಅವನದೇ ಬೆರಳಲ್ಲಿ ಒಳಗೆ ಸವರಿಸಿ, ‘ಜಾರುತ್ತಾ ನೋಡು’ ಅನ್ನಿ. ಅವನೇ ಮತ್ತೆ ತೊಳೆಯಲಿ. ಕೆಲಸ ಆದಾಗ ‘ಗುಡ್ ಬಾಯ್’ ಅನ್ನುವುದಕ್ಕಿಂತ ‘ಇವತ್ತು ಡಬ್ಬಿ ರೆಡಿ ಇತ್ತು, ನಂಗೆ ಬೆಳಿಗ್ಗೆ ಗಡಿಬಿಡಿ ಆಗ್ಲಿಲ್ಲ’ ಅಂದರೆ ತನ್ನಿಂದ ಏನಾಯಿತು ಅನ್ನುವುದು ಅವನ ತಲೆಗೆ ಹೋಗುತ್ತದೆ.

ಮೊದಲ ಒಂದೆರಡು ವಾರ ಹಟ ಮಾಡಬಹುದು. ತೊಳೆಯದೆ ಮಲಗಿದರೆ ಊಟ ತಪ್ಪಿಸುವ ಶಿಕ್ಷೆ ಬೇಡವೇ ಬೇಡ. ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಎಬ್ಬಿಸಿ, ಶೂ ಹಾಕುವ ಮೊದಲು ಡಬ್ಬಿ ತೊಳೆಸಿ. ಭಾಷಣ ಬೇಡ, ನೀವೇ ತೊಳೆದು ತುಂಬಿಕೊಡುವುದೂ ಬೇಡ.

ಪ್ರಶ್ನೆ: ಮೂರು ವರ್ಷದ ಮಗಳು ನಾನು ಏನು ಮಾಡಿದರೂ ತಾನೂ ಮಾಡಬೇಕು ಅಂತ ಅಡುಗೆಮನೆಗೆ ಬಂದು ನಿಲ್ಲುತ್ತಾಳೆ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ. ದೊಡ್ಡವಳಾದ ಮೇಲೆ ಕಲಿಸಿದರಾಗದೇ? (ಬೆಂಗಳೂರಿನ ಓದುಗರು)

ಉತ್ತರ: ಈಗ ‘ಹೋಗು, ಆಟ ಆಡ್ಕೋ’ ಅಂದು ಕಳಿಸಿ, ಹತ್ತು ವರ್ಷವಾದಾಗ ಬಾ ಅಂದರೆ ಬರುವುದು ಕಷ್ಟ. ಕೆಲಸ ಮಾಡಬೇಕು ಅನ್ನುವ ಆಸೆ ತಾನಾಗಿ ಇರುವುದು ಈ ವಯಸ್ಸಿನಲ್ಲೇ. ಕೌಶಲ ಇಲ್ಲ, ಅಷ್ಟೆ. ಬೆಳಗಿನ ಅವಸರದಲ್ಲಿ ಸೇರಿಸಿಕೊಳ್ಳಬೇಡಿ. ಸಂಜೆ ಹದಿನೈದು ನಿಮಿಷ ಅವಳಿಗೆ ಅಂತ ಇಡಿ. ನೆಲದ ಮೇಲೆ ಒಂದು ತಟ್ಟೆ ಕೊಟ್ಟು ಮೆಂತ್ಯ ಸೊಪ್ಪಿನ ಎಲೆ ಬಿಡಿಸಲು ಕೂರಿಸಿ. ಇಡೀ ಕಟ್ಟು ಕೊಡಬೇಡಿ, ಏಳೆಂಟು ಕಡ್ಡಿ ಸಾಕು. ಒಗೆದ ಬಟ್ಟೆ ರಾಶಿಯಿಂದ ಕಾಲುಚೀಲ ಜೋಡಿ ಹುಡುಕುವುದು, ಊಟಕ್ಕೆ ಸ್ಟೀಲ್ ಲೋಟ ಎಣಿಸಿ ಇಡುವುದು ಇವೂ ಈ ವಯಸ್ಸಿಗೆ ಹೊಂದುತ್ತವೆ. ಹಿಟ್ಟು ಕಲಸುವಾಗ ನಿಂಬೆ ಗಾತ್ರದ ಉಂಡೆ ಅವಳಿಗೂ ಇರಲಿ, ಅವಳು ಲಟ್ಟಿಸಿದ ಸೊಟ್ಟ ಚಪಾತಿಯನ್ನು ಬೇಯಿಸಿ ಯಾರಾದರೂ ತಿನ್ನಿ. ಒಲೆ, ಚಾಕು, ಈಳಿಗೆಮಣೆ, ಕುಕ್ಕರ್ ಅವಳ ಕೈಗೆ ಸಿಗದಿರಲಿ. ಫಿನಾಯಿಲನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಮನೆಯಲ್ಲಿದ್ದರೆ ಇವತ್ತೇ ಬಿಡಿ.

ಪ್ರಶ್ನೆ: ಮಗನಿಗೆ ಹದಿನೈದು, ಮಗಳಿಗೆ ಹದಿಮೂರು. ಮಗಳು ಕಸ ಗುಡಿಸುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಮಗ ‘ಆಮೇಲೆ ಮಾಡ್ತೀನಿ’ ಅಂತ ಮೊಬೈಲ್ ಹಿಡಿದು ಕೂರುತ್ತಾನೆ. ಅವನಿಗೆ ಏನಾದರೂ ಹೇಳಿದರೆ ಅತ್ತೆಯವರು ‘ಗಂಡು ಹುಡುಗಗ ಕಸಬರಿಗಿ ಯಾಕ ಕೊಡ್ತಿ?’ ಅಂತ ತಡೆಯುತ್ತಾರೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಇದು ನಿಮ್ಮ ಮನೆಯದಷ್ಟೇ ಸಮಸ್ಯೆಯಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹದಿಮೂರರ ಮಗಳು ಈಗಾಗಲೇ ಆ ದಾರಿ ಹಿಡಿದಿದ್ದಾಳೆ. ಇದನ್ನು ಬದಲಿಸಬೇಕಾದ್ದು ಅವಳ ಓದಿಗಾಗಿ, ಆಟಕ್ಕಾಗಿಯೇ ಹೊರತು ಅಣ್ಣನಿಗೆ ಪಾಠ ಕಲಿಸುವುದಕ್ಕಾಗಿ ಅಲ್ಲ.

ಗಂಡಸು ಪೊರಕೆ ಹಿಡಿದದ್ದನ್ನು ಹುಡುಗ ನೋಡಿಯೇ ಇಲ್ಲದಿದ್ದರೆ ನಿಮ್ಮ ಮಾತು ನಾಟುವುದಿಲ್ಲ. ಹಾಗಾಗಿ ಅವರ ತಂದೆಯಿಂದಲೇ ಶುರುವಾಗಲಿ. ಕೆಲಸಗಳನ್ನು ವಾರಕ್ಕೊಮ್ಮೆ ಅದಲುಬದಲು ಮಾಡಿ: ಈ ವಾರ ಪಾತ್ರೆ ಮಗಳದು, ಕಸ ಮತ್ತು ಬಟ್ಟೆ ಮಗನದು, ಮುಂದಿನ ವಾರ ತಿರುಗಾಮುರುಗ. ‘ಆಮೇಲೆ’ ಅನ್ನುವುದಕ್ಕೆ ಗಡಿಯಾರದ ಹೊತ್ತಿಗಿಂತ ದಿನಚರಿಯ ಗಂಟು ಒಳ್ಳೆಯದು. ‘ಟ್ಯೂಷನ್‌ಗೆ ಹೊರಡುವ ಮುಂಚೆ ಬಟ್ಟೆ ಮಡಚಿರಬೇಕು’ ಅಂದರೆ ವಾದಕ್ಕೆ ಜಾಗ ಕಡಿಮೆ. ಗುಡಿಸುವುದನ್ನೂ ಕಲಿಸಬೇಕು. ಫ್ಯಾನ್ ಆರಿಸಿ, ಮಂಚದಡಿಯಿಂದ ಶುರುಮಾಡಿ ಬಾಗಿಲ ಕಡೆ ಬರುವುದು ಅನ್ನುವುದು ಯಾರೂ ಹೇಳಿಕೊಡದಿದ್ದರೆ ಗೊತ್ತಾಗುವುದಿಲ್ಲ. ಬಚ್ಚಲು ತೊಳೆಯುವ ಸರದಿಯೂ ಇದ್ದರೆ ಒಂದು ಎಚ್ಚರಿಕೆ: ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದಿಗೂ ಒಟ್ಟಿಗೆ ಹಾಕಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ.

ಅತ್ತೆಯವರ ಜೊತೆ ವಾದ ಮಾಡಿ ಗೆಲ್ಲುವುದು ಕಷ್ಟ, ಅವರನ್ನೇ ಗುರು ಮಾಡಿ. ಜೋಳದ ರೊಟ್ಟಿ ಬಡಿಯುವ ಕೈ ಅವರಿಗಿದ್ದರೆ, ಮೊಮ್ಮಗ ಮುಂದೆ ಓದಲು ಊರು ಬಿಟ್ಟಾಗ ಅವನಿಗೂ ಬರಬೇಕಲ್ಲ ಅಂತ ಕೇಳಿ. ಬೇಡ ಅನ್ನುವ ಅಜ್ಜಿಯರು ಅಪರೂಪ. ಮೊದಲ ವಾರ ಅವನದು ಹಿಟ್ಟು ನಾದುವ ಕೆಲಸ ಮಾತ್ರ. ಒಂದು ಲೋಟ ಹಿಟ್ಟಿಗೆ ಮುಕ್ಕಾಲರಿಂದ ಒಂದು ಲೋಟ ಕುದಿಯುವ ನೀರು. ಗೋಧಿಯ ಅಂಟು ಜೋಳಕ್ಕಿಲ್ಲ, ಬಿಸಿನೀರು ಬಿದ್ದರೇ ಜಿಗಿ. ಚಮಚದಲ್ಲಿ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ನಾದಬೇಕು. ಅಂಚು ಬಿರಿದರೆ ನೀರು ಕಡಿಮೆಯಾಗಿದೆ, ನಾದಿದ್ದು ಸಾಲದು, ಇಲ್ಲವೇ ಹಿಟ್ಟು ಹಳೆಯದು. ಎರಡನೇ ವಾರದಿಂದ ದಿನಕ್ಕೆರಡು ರೊಟ್ಟಿ ಬಡಿಯಲಿ. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಬೇಕು, ತಡವಾದರೆ ಸೀಳುತ್ತದೆ. ಅವನು ಬಡಿದ ರೊಟ್ಟಿ ಮನೆಮಂದಿಯ ತಟ್ಟೆಗೇ ಬರಲಿ.

ಇವನಿಗೆ ಎಸ್‌ಎಸ್‌ಎಲ್‌ಸಿ ಅಂತ ಕೆಲಸ ಪೂರ್ತಿ ಬಿಡಿಸಬೇಡಿ. ಪರೀಕ್ಷೆ ಹತ್ತಿರವಾದಾಗ ದಿನಕ್ಕೆ ಹದಿನೈದು ನಿಮಿಷದ ಒಂದೇ ಕೆಲಸಕ್ಕೆ ಇಳಿಸಿ. ಉಳಿದದ್ದು ತಂಗಿಯ ಪಾಲಿಗೆ ಬರದ ಹಾಗೆ ನೀವೂ ಅವರ ತಂದೆಯೂ ಹಂಚಿಕೊಳ್ಳಿ. ಎರಡು ವರ್ಷ ಬಿಟ್ಟು ಅವಳಿಗೂ ಅದೇ ಪರೀಕ್ಷೆ ಬರುತ್ತದೆ, ಅಷ್ಟೇ ರಿಯಾಯಿತಿ ಅವಳಿಗೂ ಇರಲಿ.